ಕೈ ಎತ್ತದವರು

ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದವನಿಗೆ ಯಾವ ಕೆಲಸ ಸಿಗುತ್ತದೆ ಎಂಬುದು ಹೊಳೆನರಸೀಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೈಸೂರಿನಿಂದ ಪದವಿ ಹಿಡಿದು ಬಂದ ಮೇಲೆ ಅಪ್ಪನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುವುದು, ಮತ್ತೆ ಸುತ್ತಿಡುವುದು, ಇಷ್ಟನ್ನೇ ಮಾಡಿಕೊಂಡಿದ್ದೆ. ಬಂದ ಗಿರಾಕಿಗಳಿಗೆ ಅಪ್ಪ ನನ್ನನ್ನು ತೋರಿಸಿ, "ನಮ್ಮ ಹುಡುಗ ಮನಸ್ಸಿನ ಶಾಸ್ತ್ರ ಓದಿದಾನೆ" ಎನ್ನುತ್ತಿದ್ದರು. ಅವರು ನನ್ನ ಮುಖ ನೋಡಿ, "ಅಂಗಾರೆ ನಾನೀಗ ಏನ್ ಅನ್ಕೊಂಡಿವ್ನಿ, ಏಳ್ಲಿ ನೋಡಾನ" ಎಂದು ನಗುತ್ತಿದ್ದರು. ಒಬ್ಬರು ಮೈಮೇಲೆ ಗಾಳಿ ಬರುತ್ತದೆಂದು ತಮ್ಮ ಸೊಸೆಯನ್ನೇ ಕರೆತಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಾಗ, ಇಷ್ಟು ಹೇಳಲು ಮೈಸೂರಿಗೆ ಹೋಗಿ ಓದಬೇಕಿತ್ತೇ ಎಂಬ ಹಾಗೆ ನೋಡಿ ಹೊರಟುಹೋದರು.

ನನ್ನ ಜೊತೆ ಓದಿದವರಲ್ಲಿ ಒಬ್ಬ ಅಬಕಾರಿ ಇಲಾಖೆಗೆ ಸೇರಿದ್ದ, ಇನ್ನೊಬ್ಬ ರೈಲ್ವೆ ಗುಮಾಸ್ತನಾಗಿದ್ದ. ಹೈಸ್ಕೂಲಿನ ಹೆಡ್‌ಮಾಸ್ತರು ನನ್ನ ಅರ್ಜಿ ನೋಡಿ, "ಲೆಕ್ಕ ಓದಿದ್ರೆ ತಗೋಬಹುದಾಗಿತ್ತಪ್ಪ" ಎಂದು ಹಿಂದಕ್ಕೆ ಕೊಟ್ಟಿದ್ದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಕಲಿತದ್ದು ಮುಖ್ಯವಾಗಿ ಒಂದೇ ಸಂಗತಿ. ಒಬ್ಬ ಮನುಷ್ಯನನ್ನು ಎದುರು ಕೂರಿಸಿ, ಅವನಿಗೊಂದು ಕೆಲಸ ಕೊಟ್ಟು, ಅವನನ್ನು ಕದಡದೆ, ಅವನು ಅದನ್ನು ಎಷ್ಟು ಹೊತ್ತಿನಲ್ಲಿ, ಹೇಗೆ ಮಾಡುತ್ತಾನೆಂದು ಅಳೆಯುವುದು. ಇದಕ್ಕೆ ಕೂಲಿ ಕೊಡುವವರು ಯಾರಿದ್ದಾರೆ?

ಯುದ್ಧ ಕೊಟ್ಟಿತು, ಎರಡನೆಯ ಮಹಾಯುದ್ಧ. ಸೈನ್ಯಕ್ಕೆ ಸೇರುವವರಲ್ಲಿ ಯಾರನ್ನು ಯಾವ ಕೆಲಸಕ್ಕೆ ಹಾಕಬೇಕು ಎಂದು ಪರೀಕ್ಷೆ ಮಾಡಿ ವಿಂಗಡಿಸಲು ಮನಃಶಾಸ್ತ್ರ ಓದಿದವರು ಬೇಕಾಗಿದ್ದರು. ಹಾಸನ ಸೀಮೆಯಲ್ಲಿ ಸುತ್ತುವ ಒಂದು ತಂಡಕ್ಕೆ ನನ್ನನ್ನು ತೆಗೆದುಕೊಂಡರು. ತಂಡದ ಮುಖ್ಯಸ್ಥರು ಮದರಾಸಿನ ಕಡೆಯ ಒಬ್ಬ ಕ್ಯಾಪ್ಟನ್. ಯುದ್ಧಕ್ಕೆ ಮೊದಲು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದವರು, ತೆಳ್ಳಗೆ ಎತ್ತರಕ್ಕಿದ್ದರು, ಎಂದೂ ದನಿ ಏರಿಸುತ್ತಿರಲಿಲ್ಲ. ಅವರ ಕೈಕೆಳಗೆ ಉತ್ತರದ ಕಡೆಯ ಒಬ್ಬ ವಯಸ್ಸಾದ ಹವಾಲ್ದಾರ. ಅವನಿಗೆ ಕನ್ನಡ ಬಾರದು. ಕನ್ನಡದಲ್ಲಿ ಪರೀಕ್ಷೆ ನಡೆಸುವವನು ನಾನು.

ಪರೀಕ್ಷೆಯ ಸಾಮಾನು ಎರಡು ಮರದ ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ಕೆಂಪು, ಬಿಳಿ ಬಣ್ಣ ಬಳಿದ ಮರದ ತುಂಡುಗಳು, ಚಿತ್ರವಿರುವ ರಟ್ಟುಗಳು, ಒಂದು ಸ್ಟಾಪ್‌ವಾಚು. ರಟ್ಟಿನಲ್ಲಿದ್ದ ಚಿತ್ರದಂತೆಯೇ ತುಂಡುಗಳನ್ನು ಜೋಡಿಸಬೇಕು. ಅಭ್ಯರ್ಥಿಗಳನ್ನು ಸಾಲಾಗಿ ಕೂರಿಸುತ್ತಿದ್ದೆವು. ಒಬ್ಬರದು ಒಬ್ಬರಿಗೆ ಕಾಣದಿರಲೆಂದು ಪ್ರತಿಯೊಬ್ಬನ ಮೂರೂ ಕಡೆ ಹಲಗೆಯ ಮರೆ. ನಾನು ಎದುರಿನ ಮೇಜಿನ ಹಿಂದೆ ಕೂತರೆ ಅವರ ತಲೆ ಮತ್ತು ಭುಜ ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಹೇಳಬೇಕಾದ ಮಾತುಗಳನ್ನು ಮೇಲಿನ ಕಚೇರಿಯಲ್ಲಿ ಯಾರೋ ಕನ್ನಡಕ್ಕೆ ತರಿಸಿ ಟೈಪು ಮಾಡಿಸಿ ಕಳಿಸಿದ್ದರು. ಅದರಲ್ಲಿ ಒಂದಕ್ಷರ ಕೂಡ ಬದಲಾಗಬಾರದೆಂಬುದು ಆಜ್ಞೆ. ಕೊನೆಯ ಸಾಲು ಹೀಗಿತ್ತು: "ಕೆಲಸ ಮುಗಿದ ಕೂಡಲೇ ಕೈ ಎತ್ತತಕ್ಕದ್ದು." ಕೈ ಮೇಲೆದ್ದ ಕ್ಷಣಕ್ಕೆ ಅವನ ಸಮಯ ಬರೆದುಕೊಳ್ಳಬೇಕು. ಎತ್ತುವ ತನಕ ಅವನು ಇನ್ನೂ ಯೋಚಿಸುತ್ತಿದ್ದಾನೆಂದೇ ಲೆಕ್ಕ. ಹೊತ್ತು ಮುಗಿದ ಕೂಡಲೇ ಅವರೇ ತುಂಡುಗಳನ್ನು ಕೆಡವಿ ಡಬ್ಬಿಗೆ ತುಂಬಿ ಕೊಡಬೇಕಿತ್ತು.

ಬೇಗ ಮುಗಿಸಿದವರು ವೈರ್‌ಲೆಸ್ಸಿಗೆ, ಡ್ರೈವರ್ ಕೆಲಸಕ್ಕೆ, ಯಂತ್ರ ರಿಪೇರಿಗೆ ಹೋಗುತ್ತಿದ್ದರು. ತಡವಾದವರು ಅಸ್ಸಾಮಿನ ಕಡೆ ರಸ್ತೆ ಕಡಿಯುವ, ಮಣ್ಣು ಹೊರುವ ತುಕಡಿಗಳಿಗೆ. ಸಂಜೆ ಹವಾಲ್ದಾರ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬನ ಹೆಸರು ಹಿಡಿದು ಕೂಗುತ್ತಿದ್ದ. ಅವನಿಗೆ ಕನ್ನಡದ ನಾಲ್ಕೈದು ಮಾತನ್ನು ಯಾರೋ ಕಲಿಸಿದ್ದರು. "ಬುದ್ಧಿ ಚಲೋ, ಮೋಟಾರ್." "ಬುದ್ಧಿ ಕಡಿಮೆ, ಮಣ್ಣು." ಸುತ್ತ ನಿಂತ ಊರಿನವರು ಕೆಲವಕ್ಕೆ ನಗುತ್ತಿದ್ದರು, ಕೆಲವಕ್ಕೆ ಸುಮ್ಮನಾಗುತ್ತಿದ್ದರು.

ಮೊದಲ ವಾರ ಹಾಸನದಲ್ಲಿ. ಅಲ್ಲಿ ಬಂದವರಲ್ಲಿ ಹತ್ತಿರದ ಹಳ್ಳಿ ಕಟ್ಟಾಯದ ಒಬ್ಬ ಯುವಕನ ಮುಖ ನನಗೆ ನೆನಪಿನಲ್ಲಿ ಉಳಿಯಿತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸುತ್ತಿದ್ದರು. ಇವನು ಅಂಥದೊಂದು ಬಸ್ಸಿನಲ್ಲಿ ಒಲೆಗೆ ಗಾಳಿ ಹಾಕುವ ಕೆಲಸದಲ್ಲಿದ್ದ. ಕೈ ತಿಕ್ಕಿ ತೊಳೆದುಕೊಂಡು ಬಂದಿದ್ದರೂ ಉಗುರಿನ ಸಂದಿ ಕಪ್ಪಗಿತ್ತು.

"ಬುದ್ದೀ, ಡ್ರೈವರ್ ಕೆಲ್ಸ ಕೊಡ್ತೀರಾ?" ಎಂದು ಕೇಳಿದ. ಆ ಕಡೆಯ ಬಡವರು ದೊಡ್ಡವರೆಂದು ಕಂಡವರನ್ನೆಲ್ಲ ಹಾಗೆಯೇ ಕರೆಯುವುದು. ಬುದ್ಧಿ ಅಳೆಯುವ ಪೆಟ್ಟಿಗೆ ಮುಂದಿಟ್ಟುಕೊಂಡು ಆ ಮಾತು ಕೇಳಲು ನನಗೆ ಮುಜುಗರವಾಯಿತು.

"ನಾನು ಕೊಡೋದಲ್ಲಪ್ಪ. ಇದರಲ್ಲಿ ಹೇಗೆ ಮಾಡ್ತೀಯೋ ನೋಡ್ತಾರೆ" ಎಂದೆ.

ಅವನು ಕೈ ಎತ್ತಲಿಲ್ಲ. ಕೊಟ್ಟ ಹೊತ್ತು ಪೂರ್ತಿ ಕಳೆಯಿತು. ಸಂಜೆ ಹವಾಲ್ದಾರ, "ಬುದ್ಧಿ ಕಡಿಮೆ, ಮಣ್ಣು" ಎಂದು ಅವನ ಹೆಸರು ಕೂಗಿದ. ಅವನ ಊರಿನ ಕೆಲವರು ಅಂದು ಸಂತೆಗೆ ಬಂದವರು ಅಲ್ಲೇ ನಿಂತಿದ್ದರು.

ಅಲ್ಲಿಂದ ಚನ್ನರಾಯಪಟ್ಟಣ, ಆಮೇಲೆ ನಮ್ಮೂರು ಹೊಳೆನರಸೀಪುರ. ಎರಡು ಕಡೆಯೂ ಅದೇ ಫಲ. ಶಾಲೆಯ ಮೆಟ್ಟಿಲು ಹತ್ತಿದ್ದವರು ಮೇಲಿನ ಗುಂಪಿಗೆ ಬಂದರೆ ಉಳಿದವರು ಸಾಲುಸಾಲಾಗಿ ಕೆಳಕ್ಕೆ ಬೀಳುತ್ತಿದ್ದರು. ನಮ್ಮ ಬೀದಿಯ ಹಿಂದಿನ ಸಾಲಿನಲ್ಲಿ ಗಡಿಯಾರ, ಬೀಗ ರಿಪೇರಿ ಮಾಡುತ್ತಿದ್ದ ಒಬ್ಬನಿದ್ದ. ಚಿಕ್ಕಂದಿನಿಂದ ಬಲ್ಲೆ. ಕೀಲಿ ಕಳೆದ ಬೀಗವನ್ನು ಕಿವಿಗೆ ಹಿಡಿದು ತೆಗೆಯುವವನು. ಅವನೂ ಮಣ್ಣಿಗೆ ಬಿದ್ದ. ನನಗೆ ಸಮಾಧಾನವಾಗಲಿಲ್ಲ. ಕ್ಯಾಪ್ಟನ್ನರಿಗೆ ಹೇಳಿದೆ. ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಅವರು, "ಪರಿಚಯದವರ ವಿಷಯದಲ್ಲಿ ಪರೀಕ್ಷಕನ ಅಭಿಪ್ರಾಯ ನಂಬಬಾರದು ಎಂದು ನಿಮಗೂ ಪಾಠ ಮಾಡಿರಬೇಕಲ್ಲ" ಎಂದರು. ಮಾಡಿದ್ದರು. ಅವನ ಹೆಸರನ್ನು ಪಟ್ಟಿಯಲ್ಲಿ ಹಾಗೇ ಬಿಟ್ಟೆ.

ಅರಕಲಗೂಡಿನಲ್ಲಿ ಮುಸಾಫರಿ ಬಂಗಲೆಯ ಜಗಲಿಯ ಮೇಲೆ ಸಾಲು ಹಾಕಿದ್ದೆವು. ಬೆಳಗಿನ ಸರದಿ ನಡೆಯುವಾಗ ಜೋರಾಗಿ ಗಾಳಿ ಬೀಸಿ ನನ್ನ ಮೇಜಿನ ಮೇಲಿದ್ದ ರಟ್ಟೊಂದು ಹಾರಿ ಅಭ್ಯರ್ಥಿಗಳ ಹಿಂದಕ್ಕೆ ಹೋಗಿ ಬಿತ್ತು. ಗಡಿಯಾರ ಓಡುತ್ತಿರುವಾಗ ನಾನು ಮೇಜು ಬಿಟ್ಟು ಏಳಬಾರದು. ಆದರೂ ಎದ್ದು ಅವರ ಬೆನ್ನ ಹಿಂದೆ ಹೋದೆ. ರಟ್ಟು ಎತ್ತಿಕೊಂಡು ತಲೆ ಎತ್ತಿದಾಗ ಮೊದಲ ಬಾರಿಗೆ ಹಲಗೆಯ ಮರೆಯೊಳಗಿನದು ನನಗೆ ಕಂಡಿತು. ಒಬ್ಬ ಮೀಸೆಯ ಗಟ್ಟಿ ಆಳು ಚಿತ್ರವನ್ನು ಒಂದಿಷ್ಟೂ ತಪ್ಪಿಲ್ಲದೆ ಜೋಡಿಸಿಟ್ಟು, ಕೈಕಟ್ಟಿ, ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದವನೂ ಹಾಗೆಯೇ. ಅವನಾಚೆಯವನದು ಇನ್ನೂ ಅರ್ಧವಾಗಿತ್ತು. ಸಾಲಿನ ಕೊನೆಯವನು ಮುಗಿಸಿ ತುಂಡುಗಳ ಅಂಚನ್ನು ಬೆರಳಿನಿಂದ ಸರಿಮಾಡಿ, ಅವನೂ ಕೈಕಟ್ಟಿದ. ಸ್ಟಾಪ್‌ವಾಚು ಓಡುತ್ತಲೇ ಇತ್ತು.

ಸರದಿ ಮುಗಿದ ಮೇಲೆ ಆ ಮೀಸೆಯವನನ್ನು ಪಕ್ಕಕ್ಕೆ ಕರೆದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಆಳು ಅವನು.

"ಮುಗಿಸಿ ಸುಮ್ಮನೆ ಕೂತಿದ್ದೆಯಲ್ಲಪ್ಪ, ಕೈ ಯಾಕೆ ಎತ್ತಲಿಲ್ಲ?"

"ಯಾಕ್ ಸಾ ಎತ್ಲಿ? ನಂಗೆ ಬಂತಲ್ಲ."

"ಬಂದರೆ ಎತ್ತು ಅಂತ ತಾನೆ ನಾನು ಓದಿ ಹೇಳಿದ್ದು?"

ಅವನು ನನ್ನನ್ನು ಅನುಮಾನದಿಂದ ನೋಡಿದ. "ಬರ್ದೇ ಇದ್ರೆ ತಾನೆ ಸಾ ಕೈ ಎತ್ತಾದು? ಓದ್ವರ್ಸ ನಮ್ ಆಲೆಮನೆ ಯಜಮಾನ್ರು, ಇನ್ ನನ್ ಕೈಲಾಗಲ್ಲ ಅಂತ ಕೈ ಎತ್ಬುಟ್ರು. ಆಲೆ ನಿಂತೋಯ್ತು. ನಂಗೇನ್ ಆಗಿತ್ತು ಸಾ, ನಾನ್ಯಾಕ್ ಎತ್ಲಿ?"

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಮೆಲ್ಲಗೆ, "ಅದೂ ಅಲ್ದೆ ದೊಡ್ಡೋರ್ ಎದ್ರಿಗೆ ಕೈ ಎತ್ತಾದಾ ಸಾ? ಒಡ್ಯಕೆ ಓದಂಗಾಯ್ತದೆ" ಎಂದ.

ಆಗ ನನಗೆ ತಿಳಿಯಿತು. ಶಾಲೆಗೆ ಹೋದವರಿಗೆ ಕೈ ಎತ್ತುವುದೆಂದರೆ ಉತ್ತರ ಬಂತು ಎಂದು ಅರ್ಥ. ಶಾಲೆ ಕಾಣದವರಿಗೆ ಸೋತೆ ಎಂದು ಅರ್ಥ. ನಾವು ಇಷ್ಟು ದಿನ ಬುದ್ಧಿಯನ್ನು ಅಳೆಯುತ್ತಿರಲಿಲ್ಲ. ಯಾರು ಬೆಂಚಿನ ಮೇಲೆ ಕೂತು ಬಂದವರು, ಯಾರು ಅಲ್ಲ ಎಂದು ವಿಂಗಡಿಸುತ್ತಿದ್ದೆವು.

ಮಧ್ಯಾಹ್ನ ಊಟಕ್ಕೆ ಕೂತಾಗ ಕ್ಯಾಪ್ಟನ್ನರಿಗೆ ಹೇಳಿದೆ. ಅವರು ತಿನ್ನುವುದನ್ನು ನಿಲ್ಲಿಸಿ ಕೇಳಿದರು. ಕೇಳಿ, "ನೀವು ಹೇಳುವುದು ಸರಿ ಇರಬಹುದು. ಆದರೆ ಅಂಕದ ಪಟ್ಟಿ ಮಾಡಿರುವುದು ಈ ಮಾತುಗಳನ್ನೇ ಹೇಳಿ. ಮಾತು ಬದಲಾದರೆ ಆ ಪಟ್ಟಿಗೆ ಅರ್ಥವೇ ಉಳಿಯುವುದಿಲ್ಲ. ಇಂದು ನೀವು ಒಂದು ಮಾತು ಬದಲಾಯಿಸುತ್ತೀರಿ, ನಾಳೆ ಇನ್ನೊಬ್ಬ ತನಗೆ ತೋಚಿದ್ದು ಬದಲಾಯಿಸುತ್ತಾನೆ" ಎಂದರು.

"ಅರ್ಧ ಜನಕ್ಕೆ ಹಳೆಯ ಮಾತು, ಅರ್ಧ ಜನಕ್ಕೆ ಹೊಸದು ಹೇಳಿ ನೋಡೋಣ. ಸಾಲಿನಲ್ಲಿ ಬಂದ ಹಾಗೆ, ಆರಿಸದೆ" ಎಂದೆ. ಇದು ನಮಗಿಬ್ಬರಿಗೂ ಗೊತ್ತಿದ್ದ ಪಾಠ. ಅವರು ಒಪ್ಪಿದರು.

ಮರುದಿನ ಹೊಸ ಸಾಲಿಗೆ ನಾನು, "ಮುಗೀತಿದ್ದಂಗೆ 'ಆಯ್ತು ಸಾ' ಅಂತ ಗಟ್ಟಿಯಾಗಿ ಕೂಗಿ. ಬೇಗ ಕೂಗಿದಷ್ಟೂ ಒಳ್ಳೇದು" ಎಂದೆ. ಜಗಲಿಯ ಮೇಲೆ "ಆಯ್ತು ಸಾ" "ಆಯ್ತು ಸಾ" ಎಂದು ದನಿಗಳು ಎದ್ದವು. ಹಳೆಯ ಮಾತು ಕೇಳಿದ ಸಾಲುಗಳು ಎಂದಿನಂತೆ ಮೌನವಾಗಿ ಮುಳುಗಿದವು. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಕ್ಯಾಪ್ಟನ್ನರು ಕನ್ನಡಕ ತೆಗೆದು ಒರೆಸಿಕೊಂಡು, "ಈ ಊರಿನವರನ್ನು ನಾಳೆ ಮತ್ತೆ ಕೂರಿಸಿ, ಇನ್ನು ಮುಂದೆ ಹೀಗೇ ಮಾಡಿ. ಮೇಲಕ್ಕೆ ನಾನು ವರದಿ ಕಳಿಸುತ್ತೇನೆ" ಎಂದರು.

"ಹಿಂದಿನ ಊರುಗಳಲ್ಲಿ ಆಗಲೇ ಆಗಿಹೋದವರು?"

"ಅವರು ಆಗಿಹೋದವರು, ಪಟ್ಟಿ ಮೇಲಕ್ಕೆ ಹೋಗಿದೆ. ಮಣ್ಣಿನ ತುಕಡಿಗಳಿಗೆ ಜನ ಬೇಕೆಂದು ದಿನಾ ತಂತಿ ಬರುತ್ತಿದೆ. ಎಲ್ಲರೂ ವೈರ್‌ಲೆಸ್ಸಿಗೆ ಹೋದರೆ ರಸ್ತೆ ಕಡಿಯುವವರು ಯಾರು?"

ಅದೂ ನಿಜ. ಯಾರಾದರೂ ಕಡಿಯಲೇಬೇಕಿತ್ತು.

ತಂಡ ಹಾಸನಕ್ಕೆ ಮರಳಿತು. ಚನ್ನರಾಯಪಟ್ಟಣ, ಹೊಳೆನರಸೀಪುರದವರನ್ನು ಆಗಲೇ ರೈಲು ಹತ್ತಿಸಿದ್ದರು. ಬೀಗ ರಿಪೇರಿಯವನೂ ಹೋಗಿದ್ದ. ಹಾಸನದವರು ಮಾತ್ರ ಸಮವಸ್ತ್ರ ಬರಲೆಂದು ಕಾಯುತ್ತ ಊರ ಹೊರಗಿನ ಮೈದಾನದ ಡೇರೆಗಳಲ್ಲಿದ್ದರು. ಎರಡು ದಿನದಲ್ಲಿ ಅವರೂ ಹೊರಡಬೇಕಿತ್ತು. ನಾನು ಡೇರೆ ಸಾಲಿನ ಕಡೆ ಹೋಗುತ್ತಿದ್ದಾಗ ಬೇಲಿಯ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ತಡೆದಳು. ಮೂವತ್ತರ ಆಸುಪಾಸು, ಕಂಕುಳಲ್ಲಿ ಬುತ್ತಿಯ ಗಂಟು.

"ಸಾ, ಮರದ್ ತುಂಡು ಮಡಗಿ ಬುದ್ಧಿ ಅಳೆಯೋರು ನೀವೇನಾ?"

ಹೌದೆಂದೆ. ಕಟ್ಟಾಯದ ಆ ಯುವಕನ ಅಕ್ಕ ಅವಳು.

"ನನ್ ತಮ್ಮನ್ನ ದಡ್ಡ ಅಂತ ಕೂಗ್ಸುದ್ರಂತೆ. ಸಂತೆಗೆ ಬಂದಿದ್ದೋರು ಊರ್ ತುಂಬ ಸಾರವ್ರೆ. ದೊಡ್ಡಗದ್ದವಳ್ಳಿಲಿ ಎಣ್ಣು ಗೊತ್ತಾಗಿತ್ತು ಸಾ. ಸರ್ಕಾರದೋರೆ ಬುದ್ಧಿ ಇಲ್ಲ ಅಂದವ್ರೆ, ನಾವೆಂಗ್ ಕೊಡಾದು ಅಂತ ಅವ್ರು ಇಂದಕ್ ಓದ್ರು. ನಮ್ಮಪ್ಪ ಜಗಲಿ ಮ್ಯಾಲೆ ಕೂರಾದ್ ಬುಟ್ಟವ್ನೆ." ಅವಳು ಅಳುತ್ತಿರಲಿಲ್ಲ. ಸಿಟ್ಟಾಗಿದ್ದಳು. "ಅವ್ನು ಬಸ್ಸಿನ ಇಂಜಿನ್ನ ಬಿಚ್ಚಿ ಕಟ್ತಾನೆ ಸಾ. ನಮ್ಮವ್ವ ಸತ್ ಮ್ಯಾಲೆ ನಾನ್ ಸಾಕಿದ್ದು. ದಡ್ಡ ಅವ್ನೋ ಅಲ್ವೋ ನಂಗೊತ್ತಿಲ್ವಾ?"

ಆ ಸಂಜೆ ಕ್ಯಾಪ್ಟನ್ನರ ಎದುರು ನಿಂತು, ಹಾಸನದವರನ್ನು ಮತ್ತೆ ಕೂರಿಸಬೇಕೆಂದು ಕೇಳಿದೆ. ಸಾಧ್ಯವಿಲ್ಲ ಎಂದರು. ಹಾಗಾದರೆ ನಾಳೆಯಿಂದ ನಾನು ಈ ಕೆಲಸಕ್ಕೆ ಬರುವುದಿಲ್ಲ ಎಂದೆ.

"ನೀವು ಸೈನಿಕರಲ್ಲ. ಹೋಗಬಹುದು" ಎಂದರು ಅವರು, ದನಿ ಏರಿಸದೆ. "ನಿಮ್ಮ ಜಾಗದಲ್ಲಿ ಹವಾಲ್ದಾರ ಕೂರುತ್ತಾನೆ. ಅವನಿಗೆ 'ಆಯ್ತು ಸಾ' ಅಂದರೇನೆಂದೂ ಗೊತ್ತಿಲ್ಲ. ಮುಂದೆ ಬರುವವರ ಗತಿ ಏನಾಗುತ್ತದೆ, ಅದನ್ನೂ ಯೋಚನೆ ಮಾಡಿ."

ಕೆಲಸ ಬಿಡುವುದು ಸುಲಭದ ದಾರಿ ಎಂದು ಅವರು ಹೇಳದೆಯೇ ನನಗೆ ತಿಳಿಯಿತು. ಡೇರೆಗೆ ಬಂದು ಬಹಳ ಹೊತ್ತು ಕೂತೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಕೇಳಿ ಸಿಗದಿದ್ದನ್ನು ಕೇಳದೆ ಮಾಡುವುದು. ಯುದ್ಧದ ಕಾಲದಲ್ಲಿ ಆಜ್ಞೆ ಮೀರಿದರೆ ಏನಾಗುತ್ತದೆಂದು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ.

ಬೆಳಕು ಹರಿಯುತ್ತಲೇ ಹವಾಲ್ದಾರನ ಹತ್ತಿರ ಹೋಗಿ ಪೆಟ್ಟಿಗೆಯ ಕೀಲಿ ಕೇಳಿದೆ. ಯಾಕೆಂದು ಅವನಿಗೆ ಅರ್ಥವಾಯಿತು. ನನ್ನನ್ನು ನೋಡಿದ, ಡೇರೆಗಳ ಕಡೆ ನೋಡಿದ. ಹೆಸರು ಕೂಗುತ್ತಿದ್ದವನು ಅವನೇ ತಾನೆ. ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟು ಹಿಂದೂಸ್ತಾನಿಯಲ್ಲಿ, "ಸಾಹೇಬರು ಕೇಳಿದರೆ ನಾನು ಚಹಾ ಕುಡಿಯಲು ಹೋಗಿದ್ದೆ" ಎಂದು ಹೇಳಿ ಹೊರಟುಹೋದ.

ಮಣ್ಣಿಗೆ ಬಿದ್ದವರನ್ನು ಸಾಲಾಗಿ ಕರೆದು ಕೂರಿಸಿದೆ. ಮೊದಲ ಸರದಿ ಮುಗಿಯಿತು. ಎರಡನೆಯದು ಶುರುವಾದ ಹೊತ್ತಿಗೆ ಕ್ಯಾಪ್ಟನ್ನರು ಬಂದರು. ಅವರ ಹೆಜ್ಜೆ ಕೇಳಿಸಿತು. ನಾನು ಅವರ ಕಡೆ ತಿರುಗಲಿಲ್ಲ, ಗಡಿಯಾರ ಓಡುತ್ತಿತ್ತು. ಅವರು ನನ್ನ ಮೇಜಿನ ಹತ್ತಿರ ಬರದೆ ಸಾಲಿನ ಹಿಂದಕ್ಕೆ ಹೋಗಿ ನಿಂತರು. ಆ ಸರದಿಯಲ್ಲಿ ಕಟ್ಟಾಯದವನಿದ್ದ. ಅವನ ಭುಜ ಒಂದಿಷ್ಟೂ ಅಲುಗಾಡಲಿಲ್ಲ. ಉಳಿದವರ ಮರೆಯೊಳಗೆ ತುಂಡುಗಳ ಮೊದಲ ಸದ್ದು ಏಳುತ್ತಿರುವಾಗಲೇ "ಆಯ್ತು ಸಾ" ಎಂದ. ಅಷ್ಟು ಬೇಗ ಮುಗಿಸಿದವರನ್ನು ನಾನು ಆ ತನಕ ಕಂಡಿರಲಿಲ್ಲ. ಕ್ಯಾಪ್ಟನ್ನರು ಬಗ್ಗಿ ಅವನ ಹಲಗೆಯೊಳಗೆ ನೋಡಿದರು. ನೋಡಿ, ನೆಟ್ಟಗೆ ನಿಂತರು.

"ಇಂದು ಒಂದು ದಿನ" ಎಂದರು. "ಕತ್ತಲಾಗುವುದರೊಳಗೆ ಎಲ್ಲರದೂ ಮುಗಿಯಬೇಕು." ತಾವೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಸಮಯ ಬರೆದುಕೊಳ್ಳತೊಡಗಿದರು.

ಅರ್ಧಕ್ಕಿಂತ ಹೆಚ್ಚು ಮಂದಿ ಮೇಲೆ ಬಂದರು. ಮಧ್ಯಾಹ್ನದ ಮೇಲೆ ಅವರನ್ನು ಹಾಸನದ ಶಿಬಿರದಲ್ಲೇ ಇರಿಸಿದ್ದ ಡ್ರೈವರ್ ಪರೀಕ್ಷೆಯ ಯಂತ್ರದ ಮುಂದೆ ಕೂರಿಸಿದೆವು. ಒಂದು ಚಕ್ರ, ಎರಡು ಪೆಡಲು, ಎದುರಿಗೆ ಹತ್ತಿ ಆರುವ ಬಣ್ಣದ ದೀಪಗಳು. ಕೆಂಪು ಹತ್ತಿದರೆ ಕಾಲು ಒತ್ತಬೇಕು, ಉಳಿದ ಬಣ್ಣಕ್ಕೆ ಚಕ್ರ ಎಡಕ್ಕೋ ಬಲಕ್ಕೋ ತಿರುಗಬೇಕು. ಕಟ್ಟಾಯದವನು ಅದರ ಮುಂದೆ ಕೂತಾಗ ಅವನ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದೀಪ ಆರಿದ ಮೇಲೂ ಚಕ್ರ ಬಿಡಲಿಲ್ಲ.

ಸಂಜೆ ಹವಾಲ್ದಾರ ಪೆಟ್ಟಿಗೆಯೊಂದರ ಮೇಲೆ ನಿಂತು ಅವನ ಹೆಸರು ಹಿಡಿದು "ಬುದ್ಧಿ ಚಲೋ, ಮೋಟಾರ್" ಎಂದ. ಯುವಕ ನನ್ನ ಬಳಿ ಓಡಿ ಬಂದ.

"ಸಾ, ಇನ್ನೊಂದ್ಸಲ ಜೋರಾಗ್ ಕೂಗುಸ್ತೀರಾ? ಬೇಲಿ ತಾವ್ ನಮ್ಮೂರೋರ್ ನಿಂತವ್ರೆ."

ಹವಾಲ್ದಾರ ಮತ್ತೆ ಕೂಗಿದ, ಮೈದಾನದ ಆಚೆಗೂ ಕೇಳುವ ಹಾಗೆ. ಅವನ ಅಕ್ಕ ಬೇಲಿಯ ಹತ್ತಿರ ಸೆರಗಿನಿಂದ ಮುಖ ಒರೆಸಿಕೊಂಡಳು. ಮೋಟಾರಿನವರು ಹೊರಡುವುದು ಒಂದು ವಾರ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ದೊಡ್ಡಗದ್ದವಳ್ಳಿಯವರು ಮತ್ತೆ ಬಂದು, ಅವನು ರಜೆಯ ಮೇಲೆ ಬಂದಾಗ ಮದುವೆ ಎಂದು ಮಾತಾಡಿ ಹೋದರಂತೆ. ಹೊರಡುವ ಮುಂಚೆ ಅವನೇ ನನಗೆ ಹೇಳಿದ್ದು.

ಯುದ್ಧ ಮುಗಿಯಿತು. ಕ್ಯಾಪ್ಟನ್ನರು ತಮ್ಮ ಕಾಲೇಜಿಗೆ ಮರಳಿದರು. ಬಿಡುಗಡೆಯಾಗಿ ಬಂದ ಸೈನಿಕರಿಗೆ ಕೆಲಸ ಹುಡುಕಿಕೊಡುವ ಕಚೇರಿಯೊಂದು ಹಾಸನದಲ್ಲಿ ತೆರೆದಾಗ ನನ್ನನ್ನು ಅಲ್ಲಿಗೆ ಹಾಕಿದರು. ವಿಂಗಡಿಸಿ ಕಳಿಸಿದವರನ್ನು ಈಗ ನಾನೇ ಎದುರು ಕೂರಿಸಿಕೊಂಡು, ಏನು ಕೆಲಸ ಬರುತ್ತದೆಂದು ಕೇಳಬೇಕಾಗಿತ್ತು. ಮಣ್ಣಿನ ತುಕಡಿಯವರು ಮಲೇರಿಯಾದಿಂದ ಬತ್ತಿ, ಹಳದಿ ಕಣ್ಣು ಮಾಡಿಕೊಂಡು ಬಂದರು. ನಮ್ಮೂರಿನ ಬೀಗ ರಿಪೇರಿಯವನೂ ಬಂದ. ಪಿಕಾಸಿ ಹಿಡಿದು ಹಿಡಿದು ಬೆರಳುಗಳು ದಪ್ಪಗಾಗಿದ್ದವು. ಸಣ್ಣ ತಿರುಪು ಹಿಡಿಯಲು ಬರುತ್ತಿಲ್ಲ ಎಂದ. ಅವನಿಗೆ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮನೆಯವರನ್ನು ವಿಚಾರಿಸಿ, ನಮಸ್ಕಾರ ಹೇಳಿ ಹೋದ.

ಒಂದು ಬೆಳಿಗ್ಗೆ ಕಚೇರಿಯ ಹೊರಗಿನ ಬೆಂಚಿನ ಕೊನೆಯಲ್ಲಿ ಕಟ್ಟಾಯದವನ ಅಕ್ಕ ಕೂತಿದ್ದಳು. ಅವಳ ಸರದಿ ಬಂದಾಗ ಎದ್ದು ಬಂದಳು. ಕೂರು ಎಂದರೂ ಕೂರಲಿಲ್ಲ.

"ನನ್ ತಮ್ಮ ಓಗ್ಬುಟ್ಟ ಸಾ" ಎಂದಳು. "ಲಾರಿ ಬೆಟ್ಟದಿಂದ ಕೆಳಕ್ ಬಿತ್ತಂತೆ. ವರ್ಸಾಗೋಯ್ತು."

ನನಗೆ ತಿಳಿದಿರಲಿಲ್ಲ. ಕೈಯಲ್ಲಿದ್ದ ಅರ್ಜಿಗಳನ್ನು ಪಕ್ಕಕ್ಕಿಟ್ಟೆ. ಅವಳೇ ಮುಂದುವರಿದಳು.

"ಅವ್ನ್ ಜೊತೇಲಿದ್ದೋನೊಬ್ಬ ಬಂದು ಏಳ್ದ. ಮಳೆಗೆ ರಸ್ತೆ ಅಂಚೇ ಕುಸ್ದೋಯ್ತಂತೆ, ಇವ್ನ್ ತಪ್ಪೇನೂ ಇಲ್ವಂತೆ. ಆದ್ರೆ ಊರಲ್ ಏನಂತಾರೆ ಗೊತ್ತಾ ಸಾ? ದಡ್ಡನ್ ಕೈಗೆ ಲಾರಿ ಕೊಟ್ರೆ ಇನ್ನೇನಾದಾತು ಅಂತಾರೆ. ಮೊದ್ಲು ಸರ್ಕಾರದೋರು ಸರ್ಯಾಗೇ ಏಳಿದ್ರು, ಆಮೇಕೆ ಆ ಒಳೆನರ್ಸೀಪುರದ ಸ್ವಾಮಿ ಯಾರ್ದೋ ಮಾತ್ ಕೇಳಿ ತಿದ್ದುದ್ರು ಅಂತಾರೆ. ನಾನು ನಿಮ್ ಕಾಲ್ ಇಡ್ಕಂಡು ತಿದ್ಸುದ್ನಂತೆ." ಅವಳು ಮೇಜಿನ ಹತ್ತಿರಕ್ಕೆ ಬಂದಳು. "ನೀವ್ ಒಂದ್ಸಲ ಬಂದು ಏಳ್ಬೇಕು ಸಾ. ಅವ್ನು ದಡ್ಡ ಆಗಿರ್ಲಿಲ್ಲ ಅಂತ. ಅಷ್ಟೇಯ."

ಆ ಭಾನುವಾರ ಕಟ್ಟಾಯಕ್ಕೆ ಹೋದೆ. ಅವಳು ಮೊದಲೇ ಹೇಳಿಸಿದ್ದಳೆಂದು ಕಾಣುತ್ತದೆ. ಮನೆಯ ಮುಂದೆ ಜನ ಸೇರಿದ್ದರು. ದೊಡ್ಡಗದ್ದವಳ್ಳಿಯ ಕಡೆಯಿಂದಲೂ ಒಬ್ಬರು ಬಂದಿದ್ದರು. ಆ ಹುಡುಗಿಗೆ ಬೇರೆ ಕಡೆ ಮದುವೆಯಾಗಿತ್ತು. ಜಗಲಿಯ ಮೇಲೆ ಕಂಬಕ್ಕೆ ಒರಗಿ ಯುವಕನ ತಂದೆ ಕೂತಿದ್ದ. ನನಗೆ ಚಾಪೆ ಹಾಸಿದರು. ನಾನು ನಿಂತೇ ಹೇಳಿದೆ.

ಎಲ್ಲವನ್ನೂ ಹೇಳಿದೆ. ಮರದ ತುಂಡು, ಹಲಗೆಯ ಮರೆ, ಕೈ ಎತ್ತಿ ಎಂದ ಮಾತು, ಅದನ್ನು ಅವರು ಅರ್ಥ ಮಾಡಿಕೊಂಡ ಬಗೆ. ಅಲ್ಲಿ ಕೂತಿದ್ದವರಲ್ಲಿ ಕೆಲವರು ತಲೆಯಾಡಿಸಿದರು. ಅವರೂ ಹಾಗೆಯೇ ತಿಳಿಯುತ್ತಿದ್ದರು. ತಿದ್ದಿದ್ದು ಯಾರ ಮಾತು ಕೇಳಿಯೂ ಅಲ್ಲ, ಅವನ ಜೊತೆ ಆ ದಿನ ಹಾಸನದಲ್ಲಿದ್ದ ಎಲ್ಲರನ್ನೂ ಮತ್ತೆ ಕೂರಿಸಿದೆವು, ಎಲ್ಲರಿಗಿಂತ ಬೇಗ ಮುಗಿಸಿದವನು ಇವನೇ, ನನ್ನ ಮೇಲಿನ ಅಧಿಕಾರಿ ಕಣ್ಣಾರೆ ಕಂಡರು ಎಂದೆ. "ಈ ಸೀಮೆಯಲ್ಲಿ ನಾನು ನೋಡಿದವರಲ್ಲಿ ಅಷ್ಟು ಚುರುಕಿನವನು ಇನ್ನೊಬ್ಬನಿಲ್ಲ" ಎಂದೆ. ಅದು ನಿಜ.

ಅಕ್ಕ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ಕೇಳಿದಿರಾ ಎಂಬಂತೆ.

ಆಗ ಮುದುಕ ತಲೆ ಎತ್ತಿದ. "ಸ್ವಾಮಿ, ಒಂದ್ ಮಾತ್ ಕೇಳ್ತೀನಿ. ನೀವು ಅವತ್ತು ತಿದ್ದುದೆ ಇದ್ದಿದ್ರೆ ಅವ್ನು ಎಲ್ಗ್ ಓಯ್ತಿದ್ದ?"

"ಮಣ್ಣಿನ ತುಕಡಿಗೆ, ಯಜಮಾನ್ರೇ."

"ನಮ್ಮೂರಿಂದ ಇನ್ನಿಬ್ರು ಓಗಿದ್ರು ಅದ್ಕೆ. ಮೊನ್ನೆ ಬಂದವ್ರೆ ಇಬ್ರೂವೆ. ಚಳಿಜ್ವರ ಬತ್ತದೆ, ಓಯ್ತದೆ. ಆದ್ರೂ ಬದ್ಕವ್ರೆ." ಅವನು ಕಂಬ ಹಿಡಿದು ನೆಟ್ಟಗೆ ಕೂತ. "ದಡ್ಡ ಅಂತ್ಲೇ ಬುಟ್ಬುಟ್ಟಿದ್ರೆ ನನ್ ಮಗ್ನೂ ಇರ್ತಿದ್ನಲ್ವಾ ಸ್ವಾಮಿ?"

ರಸ್ತೆ ಕಡಿಯುವವರೂ ಸತ್ತಿದ್ದರು, ಜ್ವರದಲ್ಲಿ, ಗುಡ್ಡ ಕುಸಿದು. ಲಾರಿ ಓಡಿಸಿದವರಲ್ಲಿ ಎಷ್ಟೋ ಮಂದಿ ಮರಳಿದ್ದರು. ಇದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ. "ಗೊತ್ತಿಲ್ಲ ಯಜಮಾನ್ರೇ" ಎಂದೆ.

ಅಕ್ಕ ಬಾಗಿಲಿನಿಂದ ಮುಂದೆ ಬಂದಳು. "ಅಪ್ಪಾ, ಸುಮ್ಕಿರು. ಡ್ರೈವರಾಗ್ಬೇಕು ಅಂತ ಅವ್ನೇ ಅಲ್ವಾ ಕುಣೀತಿದ್ದುದ್ದು? ಅವ್ನಿಗ್ ಅದೇ ಬೇಕಾಗಿತ್ತು."

"ಅವ್ನಿಗ್ ಅದು ಬೇಕಾಗಿತ್ತು ಕಣವ್ವ" ಎಂದ ಮುದುಕ. "ನಂಗೆ ಅವ್ನ್ ಬೇಕಾಗಿದ್ದ."

ಜನ ಒಬ್ಬೊಬ್ಬರಾಗಿ ಎದ್ದರು. ಅಕ್ಕ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಕುಡಿದೆ. ನಾನು ಬಂದದ್ದರಿಂದ ಅವಳಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಕೇಳುವ ಧೈರ್ಯವಾಗಲಿಲ್ಲ. ಬಸ್ಸು ನಿಲ್ಲುವ ಕಡೆಗೆ ಅವಳು ಜೊತೆಯಲ್ಲಿ ಬರಲಿಲ್ಲ. ತಂದೆಯ ಪಕ್ಕದಲ್ಲಿ ಜಗಲಿಯ ಮೇಲೆ ಹೋಗಿ ಕೂತಳು.

ಸೋಮವಾರ ಕಚೇರಿಯ ಬಾಗಿಲು ತೆಗೆದಾಗ ಬೆಂಚು ತುಂಬಿತ್ತು. ಮೊದಲನೆಯವನು ಎದ್ದು ಬಂದು ಎದುರು ನಿಂತ. ಅವನನ್ನು ಕೂರಿಸಿ, ಏನೇನು ಕೆಲಸ ಬರುತ್ತದೆ ಎಂದು ಕೇಳಿದೆ. ಆಮೇಲೆ, ಅದುವರೆಗೂ ಯಾರನ್ನೂ ಕೇಳದೆ ಇದ್ದ ಇನ್ನೊಂದನ್ನು ಕೇಳಿದೆ. ಮನೆಯಲ್ಲಿ ಯಾರಿದ್ದಾರೆ, ನೀನು ಎಲ್ಲಿರಬೇಕು ಅಂತಾರೆ ಎಂದು. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಹೇಳತೊಡಗಿದ.